ಹೊನ್ನಾವರದ ಇತಿಹಾಸ ತಿಳಿಯಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಾಗರದ ಕಡೆಯವಳು, ಮದುವೆಯಾಗಿ ಹೊನ್ನಾವರಕ್ಕೆ ಬಂದಿದ್ದೇನೆ. ಇದು ತುಂಬ ಹಳೆಯ ಬಂದರು ಅಂತ ಎಲ್ಲರೂ ಹೇಳ್ತಾರೆ, ಆದರೆ ಅಲ್ಲಿಗೇ ನಿಲ್ಲಿಸ್ತಾರೆ. ಊರಿನ ಇತಿಹಾಸ ತಿಳಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ನಿಮ್ಮ ತವರಿನಿಂದಲೇ ಶುರು ಮಾಡಿ.

ಮದುವೆಯಾಗಿಯೋ ವರ್ಗವಾಗಿಯೋ ಘಟ್ಟ ಇಳಿದ ನಮ್ಮ ಕಡೆಯವರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಎಲ್ಲರೂ ಮೊದಲು ಸಮುದ್ರದ ಕಡೆ ಮುಖ ಮಾಡುತ್ತಾರೆ. ಕೋಟೆ, ಹಡಗು, ಪೋರ್ಚುಗೀಸರು. ಆದರೆ ಹಡಗು ಬಂದದ್ದು ಯಾಕೆ? ಕಾಳುಮೆಣಸಿಗೆ. ಆ ಮೆಣಸು ಘಟ್ಟದ ತೋಟ, ಕಾಡುಗಳಿಂದ ಹೇರೆತ್ತಿನ ಬೆನ್ನ ಮೇಲೆ ಇಳಿದು, ಗೇರುಸೊಪ್ಪೆಯಲ್ಲಿ ದೋಣಿ ಹತ್ತಿ, ಹೊಳೆಯಲ್ಲೇ ಹೊನ್ನಾವರದ ಅಳಿವೆ ಸೇರುತ್ತಿತ್ತು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ನಿಮ್ಮ ಈಗಿನ ಮನೆಯ ಹತ್ತಿರ ಸಮುದ್ರಕ್ಕೆ ಬೀಳುವ ಅದೇ ಶರಾವತಿ. ಬಂದರು ಆ ಹೊಳೆಯ ಬಾಯಿ ಅಷ್ಟೇ.

ಹಾಗಾಗಿ ಮೊದಲು ಗೇರುಸೊಪ್ಪೆ ನೋಡಿ. ಅಲ್ಲಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತಮುತ್ತ ಈಗ ಬರೀ ಕಾಡು. 16ನೇ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತಲೇ ಕರೆದರು. ಆಮೇಲೆ ಈ ಸೀಮೆ ಸಾಗರದ ಪಕ್ಕದ ಕೆಳದಿಯ ವೆಂಕಟಪ್ಪ ನಾಯಕನ ಕೈ ಸೇರಿತು. ಅಂದರೆ ನಿಮ್ಮ ತವರಿನ ದೊರೆಗೆ!

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು ಹೊನ್ನಾವರಕ್ಕೆ ಬಂದ. ಅಲ್ಲಿಂದ ಹೊಳೆಯಲ್ಲಿ ಗೇರುಸೊಪ್ಪೆ, ಆಮೇಲೆ ಘಟ್ಟ ಹತ್ತಿ ಇಕ್ಕೇರಿ, ವೆಂಕಟಪ್ಪ ನಾಯಕನ ಆಸ್ಥಾನ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ನುಣ್ಣನೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟ. ನನಗೆ ಯಾವ ಯುದ್ಧದ ವರ್ಣನೆಗಿಂತಲೂ ಈ ನಾಲ್ಕು ಸಾಲು ಜಾಸ್ತಿ ಇಷ್ಟ. ಆ ಘಟ್ಟದ ದಾರಿಯಲ್ಲೇ ಅಲ್ವಾ ನೀವೂ ತವರಿಗೆ ಹೋಗೋದು?

ಅವನಿಗೂ ಮುಂಚೆ, 14ನೇ ಶತಮಾನದಲ್ಲಿ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತ ಅವನ ಬರಹ ಹೇಳುತ್ತದೆ. ಈ ಸಂಗತಿ ನಿಮ್ಮ ಓಣಿಯ ಪ್ರತಿ ಮಗುವಿಗೂ ಗೊತ್ತಿರಬೇಕು.

ಇನ್ನು ಹುಡುಕುವ ಕೆಲಸ. ಹೊನ್ನಾವರ ಅಂತ ಹುಡುಕಿದರೆ ಅರ್ಧ ಸಿಗುವುದಿಲ್ಲ. ಪೋರ್ಚುಗೀಸರ ಬರಹದಲ್ಲಿ ಅದು ಓನೋರ್, ಇಬ್ನ್ ಬತೂತನಲ್ಲಿ ಹಿನೌರ್. ಗೇರುಸೊಪ್ಪೆ ಗಾರ್ಸೋಪಾ ಆಗಿರುತ್ತದೆ. ಕೆಳದಿಯವರ ರಾಜಧಾನಿ ಬಿದನೂರನ್ನು 1763ರಲ್ಲಿ ಹೈದರ್ ಅಲಿ ಗೆದ್ದು ಹೈದರನಗರ ಅಂದ. ಅದೇ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಒಂದು ಪಟ್ಟಿಯಲ್ಲಿ ಈ ಹೆಸರುಗಳನ್ನು ಬರೆದು ಪಕ್ಕದಲ್ಲೇ ಇಟ್ಟುಕೊಳ್ಳಿ.

ಕಾಗದಪತ್ರಕ್ಕೆ ಎಲ್ಲರೂ ನೇರ ಬೆಂಗಳೂರಿಗೆ ಓಡುತ್ತಾರೆ. ನಾನೂ ಹಾಗೇ ಓಡಿ ಬರಿಗೈಲಿ ಬಂದಿದ್ದೆ. ನಿಮ್ಮ ಸಾಗರ ಮೈಸೂರು ಸೀಮೆಯಲ್ಲಿತ್ತು, ಹೊನ್ನಾವರ ಇರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿ ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೆ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನಿಮ್ಮ ಊರಿನ ಹಳೆಯ ಕಡತಗಳೂ ಹೀಗೇ ಚೆನ್ನೈ, ಮುಂಬೈಗಳಲ್ಲಿ ಹಂಚಿಹೋಗಿವೆ. ಪೋರ್ಚುಗೀಸರ ಕಾಲದ್ದು ಗೋವಾದಲ್ಲಿ ಸಿಗುತ್ತದೆ. ಅಷ್ಟು ದೂರ ಹೋಗುವ ಮೊದಲು 1883ರ ಮುಂಬೈ ಪ್ರಾಂತ್ಯದ ಗೆಜೆಟಿಯರ್‌ನ (ಜಿಲ್ಲೆಗಳ ಬಗ್ಗೆ ಬ್ರಿಟಿಷ್ ಸರ್ಕಾರ ಬರೆಸಿದ ವಿವರಗಳ ಪುಸ್ತಕ) 15ನೇ ಸಂಪುಟ ಓದಿ. ಪೂರ್ತಿ ನಿಮ್ಮ ಜಿಲ್ಲೆಯದ್ದೇ, ಎರಡು ಭಾಗ ಇದೆ. ಬರೆದವರು ಆಳುವವರ ಕಡೆಯವರು ಅನ್ನೋದು ನೆನಪಿರಲಿ. ಸಾಗರ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿವೆ.

ಊರಿನ ಹಿರಿಯರ ಹತ್ತಿರ ಕೂತಾಗ ‘ಇತಿಹಾಸ ಹೇಳಿ ಅಜ್ಜಾ’ ಅನ್ನಬೇಡಿ. ‘ನಮಗೇನು ಗೊತ್ತು ತಂಗೀ’ ಅಂತ ಎದ್ದುಬಿಡ್ತಾರೆ. ಸೇತುವೆ ಇಲ್ಲದಾಗ ಹೊಳೆ ಹೇಗೆ ದಾಟುತ್ತಿದ್ರಿ, ಲಾಂಚಿಗೆ ಎಷ್ಟು ಕೊಡ್ತಿದ್ರಿ, ಘಟ್ಟದವರು ಏನು ತರ್ತಿದ್ರು, ಏನು ಒಯ್ತಿದ್ರು ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ಅವರು ಹೇಳಿದ ಶಬ್ದದಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ದಾಖಲೆಯಲ್ಲಿ ಓದಿದ್ದು ಒಂದು ಪುಟದಲ್ಲಿರಲಿ, ಅಜ್ಜ ಹೇಳಿದ್ದು ಎದುರಿನ ಪುಟದಲ್ಲಿರಲಿ. ಎರಡೂ ಹೊಂದದೇ ಹೋದರೆ ಬಲವಂತವಾಗಿ ಹೊಂದಿಸಬೇಡಿ, ಹಾಗೇ ಬಿಡಿ.

ಮುಂದಿನ ಸಲ ತವರಿಗೆ ಬಂದಾಗ ಒಂದು ಮಧ್ಯಾಹ್ನ ಕೆಳದಿಗೆ ಹೋಗಿ ಬನ್ನಿ. ದೇವಸ್ಥಾನದ ಊರಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ, ತಾಳೆಗರಿ, ಹಳೇ ಕಾಗದಗಳು ಇವೆ. ವಾಪಸ್ ಇಳಿಯುವಾಗ ಬಸ್ಸಲ್ಲಿ ಕಿಟಕಿ ಪಕ್ಕ ಕೂತು, ಹೊನ್ನಾವರ ಮುಟ್ಟಿದ ಮೇಲೆ ಸಮುದ್ರದ ನಡುವೆ ಕಾಣುವ ಬಸವರಾಜದುರ್ಗದ ನಡುಗಡ್ಡೆಯನ್ನು ನೋಡಿ. ಆ ಕೋಟೆಗೂ ಹೆಸರು ಬಂದದ್ದು ಕೆಳದಿಯ ಮನೆತನದಿಂದಲೇ.