ಜಗುಲಿಯಿಂದ ನಡುಮನೆಗೆ: ಆರಂಭದ ಕ್ರೈಸ್ತ ಪಂಥ ಯೆಹೂದಿ ಕಣ್ಣಿನಲ್ಲಿ

ಮೊದಲಿಗೆ ಒಂದು ಸಣ್ಣ ವಿಷಯ. ಈ ಟಿಪ್ಪಣಿಯಲ್ಲಿ ವರ್ಷಗಳ ಹಿಂದೆ ಕ್ರಿ.ಶ. ಅಂತ ಹಾಕಿಲ್ಲ, ಸಾ.ಶ. (ಸಾಮಾನ್ಯ ಶಕ) ಅಂತ ಹಾಕಿದ್ದೇನೆ. ಸುಮ್ನೆ ಹೊಸತನಕ್ಕಲ್ಲ. ಕ್ರಿಸ್ತ ಅನ್ನುವುದು ಯೇಸುವಿನ ಮನೆತನದ ಹೆಸರಲ್ಲ, ಅದೊಂದು ಪದವಿ. ಎಣ್ಣೆಯಿಂದ ಅಭಿಷೇಕ ಮಾಡಿಸಿಕೊಂಡವನು ಅನ್ನುವ ಹೀಬ್ರೂ ಮಾತಿನ ಗ್ರೀಕ್ ರೂಪ. ನಾವು ಮೆಸ್ಸೀಯ ಅನ್ನುತ್ತೇವಲ್ಲ, ಅದೇ. ಯೇಸು ಆ ಪದವಿಗೆ ಸಲ್ಲುವವನೋ ಅಲ್ಲವೋ ಅನ್ನುವುದೇ ಇಡೀ ವಾದ. ಯೆಹೂದಿ ಲೇಖಕರೊಬ್ಬರು ಕ್ರಿಸ್ತ ಶಕ ಅಂತ ಬರೆದರೆ ವಾದ ಶುರುವಾಗುವ ಮೊದಲೇ ಒಪ್ಪಿಕೊಂಡಂತೆ, ಅಲ್ವಾ?

ಈ ಪಾಠವನ್ನು ಮೊದಲ ಸಲ ಓದಿದಾಗ ನಾನು ಬರೆದಿಟ್ಟುಕೊಂಡ ಪ್ರಶ್ನೆ ಇದು: "ಯೆಹೂದಿಗಳು ಕ್ರೈಸ್ತ ಧರ್ಮವನ್ನು ಯಾಕೆ ಬೇಡ ಅಂದರು?" ಪ್ರಶ್ನೆಯೇ ತಪ್ಪು. ಬೇಡ ಅನ್ನುವುದಕ್ಕೆ ಆಗ ಕ್ರೈಸ್ತ ಧರ್ಮ ಅಂತ ಬೇರೆ ಒಂದು ಇರಲೇ ಇಲ್ಲ. ಯೇಸು ಯೆಹೂದಿ, ಶಿಷ್ಯರು ಯೆಹೂದಿಗಳು, ಯೇಸುವಿನ ಸುದ್ದಿಯನ್ನು ಹೊರಗಿನ ಜನರಿಗೆ ಸಾರಿದ ಪೌಲನೂ ಯೆಹೂದಿ. 1ನೇ ಶತಮಾನದ ಇತಿಹಾಸಕಾರ ಜೋಸೆಫಸ್ ಆ ಕಾಲದ ಯೆಹೂದಿ ಪಂಥಗಳನ್ನು ಪಟ್ಟಿ ಮಾಡುತ್ತಾನೆ: ಫರಿಸಾಯರು, ಸದ್ದುಕಾಯರು, ಎಸ್ಸೀನರು, ಜೊತೆಗೆ ರೋಮಿಗೆ ತೆರಿಗೆ ಕಟ್ಟುವುದೇ ಪಾಪ ಅನ್ನುವ ನಾಲ್ಕನೆಯವರು. ಇವರೆಲ್ಲ ಒಂದೇ ಮನೆಯೊಳಗೆ ಜಗಳ ಆಡುತ್ತಿದ್ದವರು. ಯೇಸುವಿನ ಗುಂಪು ಆ ಜಗಳದಲ್ಲಿ ಇನ್ನೊಂದು ದನಿ, ಅಷ್ಟೇ. 19ನೇ ಶತಮಾನದಲ್ಲಿ ಜರ್ಮನಿಯ ರಬ್ಬಿ (ಯೆಹೂದಿ ಧರ್ಮಗುರು) ಅಬ್ರಹಾಂ ಗೈಗರ್ ಯೇಸುವನ್ನು ಫರಿಸಾಯರ ಸಾಲಿನಲ್ಲೇ ಕೂರಿಸಿದರು. ಚರ್ಚಿನ ಓದುಗರಿಗೆ ಇದು ಚುಚ್ಚಿತು, ಯಾಕಂದರೆ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಫರಿಸಾಯರೇ ಖಳರು. ಆದರೆ ಸತ್ತವರು ಮತ್ತೆ ಏಳುತ್ತಾರೆ ಅನ್ನುವ ನಂಬಿಕೆ ಫರಿಸಾಯರದ್ದೇ. ನಿನಗೆ ಬೇಡವಾದದ್ದನ್ನು ಇನ್ನೊಬ್ಬನಿಗೆ ಮಾಡಬೇಡ, ಇದೇ ಇಡೀ ಧರ್ಮಶಾಸ್ತ್ರ ಅಂದ ಫರಿಸಾಯರ ಗುರು ಹಿಲ್ಲೇಲ್ ಬಾಳಿದ್ದು ಯೇಸುವಿಗಿಂತ ಸ್ವಲ್ಪ ಮುಂಚೆ.

ಹಾಗಾದರೆ ಹೆಚ್ಚಿನ ಯೆಹೂದಿಗಳಿಗೆ ಯಾಕೆ ಒಪ್ಪಿಗೆಯಾಗಲಿಲ್ಲ? ಇದಕ್ಕೆ ಉತ್ತರ ಚಿಕ್ಕದು. ಮೆಸ್ಸೀಯ ಬಂದರೆ ಕೆಲಸ ಆಗಬೇಕು. ಚದುರಿದ ಜನ ಊರಿಗೆ ಮರಳಬೇಕು, ಪರರ ಆಳ್ವಿಕೆ ಹೋಗಬೇಕು, ಪ್ರವಾದಿ ಯೆಶಾಯ ಹೇಳಿದಂತೆ ಜನ ಕತ್ತಿ ಬಡಿದು ನೇಗಿಲಿನ ಗುಳ ಮಾಡಬೇಕು. ಯೇಸುವನ್ನು ರೋಮಿನ ಅಧಿಕಾರಿ ಪೊಂತ್ಯ ಪಿಲಾತ ಶಿಲುಬೆಗೆ ಏರಿಸಿದ, ರೋಮ್ ಇದ್ದಲ್ಲೇ ಇತ್ತು, 70ರಲ್ಲಿ ಯೆರೂಸಲೇಮಿನ ದೇವಾಲಯವೇ ಸುಟ್ಟುಹೋಯಿತು. ಕೆಲಸ ಆಗಲಿಲ್ಲ. ಅಷ್ಟೇ.

ಇಲ್ಲಿ ಒಂದು ಹೋಲಿಕೆ ನೆನಪಿಡಿ, ನನಗೆ ಇದರಿಂದಲೇ ವಿಷಯ ಅರ್ಥವಾಯಿತು. 132ರಲ್ಲಿ ಬಾರ್ ಕೊಖ್ಬ ಅನ್ನುವವನು ರೋಮಿನ ಮೇಲೆ ದಂಗೆ ಎದ್ದ. ಆ ಕಾಲದ ದೊಡ್ಡ ಗುರು ರಬ್ಬಿ ಅಕಿವ ಇವನೇ ಮೆಸ್ಸೀಯ ಅಂದುಬಿಟ್ಟರು. ಇನ್ನೊಬ್ಬ ರಬ್ಬಿ, ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ಮೆಸ್ಸೀಯ ಬಂದಿರುವುದಿಲ್ಲ, ಅಕಿವ, ಅಂತ ಚುಚ್ಚಿದರು. 135ರಲ್ಲಿ ಬಾರ್ ಕೊಖ್ಬ ಸತ್ತ, ಕಥೆ ಮುಗಿಯಿತು. ಅಕಿವರನ್ನು ಯಾರೂ ಧರ್ಮ ಬಿಟ್ಟವರು ಅನ್ನಲಿಲ್ಲ. ಇವತ್ತಿಗೂ ಅವರು ಮಹಾಗುರು. ಅಂದರೆ ಒಬ್ಬ ಮನುಷ್ಯನನ್ನು ಮೆಸ್ಸೀಯ ಅಂತ ನಂಬಿದ್ದು ಅಪರಾಧ ಆಗಿರಲಿಲ್ಲ, ತಪ್ಪು ಲೆಕ್ಕ ಆಗಿತ್ತು. ಸತ್ತ ಮೇಲೂ ಲೆಕ್ಕ ಮುಚ್ಚದೆ ಮುಂದುವರಿಸಿದ್ದು ಯೇಸುವಿನ ಗುಂಪಿನ ವಿಶೇಷ.

ಜಗುಲಿಯಲ್ಲಿ ಕೂತವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಯವರಲ್ಲಿ ಹೆಚ್ಚಿನವರು ಒಪ್ಪದ ಸುದ್ದಿಯನ್ನು ಹೊರಗಿನವರು ಯಾಕೆ ಒಪ್ಪಿದರು? ಅವರು ಪೂರ್ತಿ ಹೊರಗಿನವರಾಗಿರಲಿಲ್ಲ. ರೋಮ್ ಸಾಮ್ರಾಜ್ಯದ ಊರೂರಲ್ಲಿ ಯೆಹೂದಿ ಸಭಾಮಂದಿರಗಳಿದ್ದವು. ಧರ್ಮಗ್ರಂಥ ಆಗಲೇ ಗ್ರೀಕ್ ಭಾಷೆಗೆ ಬಂದಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ ಅದನ್ನು ಜೋರಾಗಿ ಓದುತ್ತಿದ್ದರು, ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಹಾಗೆ ಬಂದು ಕೂರುತ್ತಿದ್ದ ಅನ್ಯಜನರಿಗೆ (ಯೆಹೂದಿಗಳಲ್ಲದವರಿಗೆ) 'ದೇವಭಯವುಳ್ಳವರು' ಅನ್ನುವ ಹೆಸರೇ ಇತ್ತು. ನಾನು ಇವರನ್ನು ಜಗುಲಿಯವರು ಅಂತ ಗುರುತು ಹಾಕಿಕೊಂಡಿದ್ದೇನೆ. ಮರ್ಯಾದೆ ಉಂಟು, ಮಾತುಕತೆ ಉಂಟು, ಆದರೆ ನಡುಮನೆಗೆ ಪ್ರವೇಶ ಇಲ್ಲ. ಒಳಗೆ ಬರಬೇಕಾದರೆ ಗಂಡಸರಿಗೆ ಸುನ್ನತಿ, ಆಮೇಲೆ ಪೂರ್ತಿ ಧರ್ಮಶಾಸ್ತ್ರ.

ಜಗುಲಿಯವರಲ್ಲಿ ನನಗೆ ಇಷ್ಟವಾದವಳು ಯೂಲಿಯ ಸೆವೆರ. ಇಂದಿನ ಟರ್ಕಿಯಲ್ಲಿದ್ದ ಅಕ್ಮೋನಿಯ ಅನ್ನುವ ಊರಿನ ದೊಡ್ಡ ಮನೆತನದ ಹೆಂಗಸು, 1ನೇ ಶತಮಾನದವಳು. ಆ ಊರಿನ ಸಭಾಮಂದಿರವನ್ನು ಕಟ್ಟಿಸಿಕೊಟ್ಟವಳು ಇವಳೇ ಅಂತ ಒಂದು ಶಾಸನ ಹೇಳುತ್ತದೆ. ಅದೇ ಹೆಂಗಸು ರೋಮ್ ಚಕ್ರವರ್ತಿಯ ಪೂಜೆಗೆ ಮುಖ್ಯ ಅರ್ಚಕಿ! ಎರಡೂ ಕಡೆ ಇದ್ದಳು, ಯಾರಿಗೂ ಅದು ವಿಚಿತ್ರ ಅನ್ನಿಸಿದಂತೆ ಕಾಣುವುದಿಲ್ಲ.

ಹೆಚ್ಚಿನ ನೋಟ್ಸ್‌ಗಳಲ್ಲಿ ಒಂದು ಸುಲಭದ ಉತ್ತರ ಇರುತ್ತದೆ: ಪೌಲ ಸುನ್ನತಿ ಬೇಡ, ಊಟದ ಕಟ್ಟುಪಾಡು ಬೇಡ ಅಂತ ರಿಯಾಯಿತಿ ಕೊಟ್ಟ, ಅದಕ್ಕೇ ಜನ ನುಗ್ಗಿದರು. ಯೆಹೂದಿ ಧರ್ಮದ ಒಳ್ಳೆಯದೆಲ್ಲ ಅರ್ಧ ಬೆಲೆಗೆ ಸಿಕ್ಕಂತೆ. ನಾನೂ ಬಹಳ ದಿನ ಹೀಗೇ ನಂಬಿದ್ದೆ. ಆದರೆ ಯೂಲಿಯ ಸೆವೆರಳನ್ನು ಎದುರಿಗೆ ಇಟ್ಟುಕೊಂಡು ಯೋಚಿಸಿ. ಸಭಾಮಂದಿರ ಅವಳಿಗೆ ಏನನ್ನೂ ಬಿಡು ಅನ್ನಲಿಲ್ಲ. ಪೌಲ ಮಾತ್ರ ಬಿಡು ಅನ್ನುತ್ತಿದ್ದ. ಸುನ್ನತಿ ಬೇಡ, ಸರಿ. ಆದರೆ ನಿನ್ನ ಊರ ದೇವರು, ಕುಲದ ದೇವರು, ಹಬ್ಬದ ಬಲಿಯ ಊಟ, ಎಲ್ಲ ಇವತ್ತಿಂದಲೇ ನಿಲ್ಲಬೇಕು. ಊರ ಹಬ್ಬಕ್ಕೆ ಬಾರದವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಬರ, ಭೂಕಂಪ ಏನಾದರೂ ದೇವರನ್ನು ಬಿಟ್ಟವರಿಂದಲೇ ಅನ್ನುತ್ತಿದ್ದ ಕಾಲ ಅದು. ಯೆಹೂದಿಗಳಿಗಾದರೆ ಅಪ್ಪ ಅಜ್ಜಂದಿರ ಕಾಲದ ಪದ್ಧತಿ ಅನ್ನುವ ರಕ್ಷಣೆ ಇತ್ತು, ಇವರಿಗೆ ಅದೂ ಇಲ್ಲ. ಹಾಗಾಗಿ ಬೆಲೆ ಇಳಿಯಲಿಲ್ಲ, ಕೆಲವರಿಗೆ ಏರಿತು ಅಂತಲೇ ನನ್ನ ಅಭಿಪ್ರಾಯ.

ಮತ್ತೆ ಯಾಕೆ ಬಂದರು? ನಡುಮನೆಗೆ ಕರೆದದ್ದಕ್ಕೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಅವರನ್ನು ಯೆಹೂದಿಗಳ ಮೂಲಪುರುಷ ಅಬ್ರಹಾಮನ ಸಂತಾನ ಅನ್ನುತ್ತಾನೆ. ಅತಿಥಿಗಳಲ್ಲ, ವಾರಸುದಾರರು. ಇದನ್ನು ಯೆಹೂದಿ ಧರ್ಮಕ್ಕೆ ಬೆನ್ನು ತಿರುಗಿಸಿದ್ದು ಅಂತ ಓದಬೇಡಿ. ಕೊನೆಯ ಕಾಲದಲ್ಲಿ ಎಲ್ಲ ಜನಾಂಗಗಳೂ ಯೆರೂಸಲೇಮಿನ ಬೆಟ್ಟಕ್ಕೆ ಹರಿದುಬರುತ್ತವೆ ಅಂತ ಯೆಶಾಯನೇ ಹೇಳಿದ್ದ. ಆ ಕಾಲ ಬಂದಾಯಿತು ಅಂತ ಪೌಲನ ನಂಬಿಕೆ. ಬರುವವರು ಜನಾಂಗಗಳಾಗಿಯೇ ಬರಬೇಕು, ಅವರನ್ನು ಯೆಹೂದಿ ಮಾಡಿದರೆ ಭವಿಷ್ಯವಾಣಿಯೇ ಕೆಡುತ್ತದೆ. ಕೊರಿಂಥದವರಿಗೆ ಬರೆಯುತ್ತಾ ಅವನು, ಯೆಹೂದಿಗಳಿಂದ ಐದು ಸಲ ಒಂದು ಕಡಿಮೆ ನಲವತ್ತು ಏಟು ತಿಂದೆ ಅನ್ನುತ್ತಾನೆ. ಅದು ಸಭಾಮಂದಿರದ ಶಿಕ್ಷೆ. ನಾನು ನಿಮ್ಮವನಲ್ಲ ಅಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಐದು ಸಲವೂ ಬೆನ್ನು ಕೊಟ್ಟ ಅಂದರೆ ತಾನು ಮನೆಯವನೇ ಅಂದುಕೊಂಡಿದ್ದ ಅಂತ ಅರ್ಥ.

ಇನ್ನು ದಾನಧರ್ಮ. ಬಡವರು, ವಿಧವೆಯರು, ಅನಾಥರನ್ನು ನೋಡಿಕೊಳ್ಳುವುದು ಚರ್ಚಿನ ದೊಡ್ಡ ಸೆಳೆತ ಅನ್ನುತ್ತಾರೆ, ನಿಜ. ಅದರ ಬೇರು ಎಲ್ಲಿ ಅಂತ ಒಬ್ಬ ಹೊರಗಿನವನೇ ಸಾಕ್ಷಿ ಹೇಳಿದ್ದಾನೆ. ಚಕ್ರವರ್ತಿ ಜೂಲಿಯನ್, ಹಳೆಯ ದೇವರುಗಳನ್ನು ಮತ್ತೆ ತರಲು ಹೊರಟವನು, 362ರ ಸುಮಾರಿಗೆ ತನ್ನ ಅರ್ಚಕನೊಬ್ಬನಿಗೆ ಬೇಸರದಿಂದ ಬರೆದ: ಯೆಹೂದಿಗಳಲ್ಲಿ ಒಬ್ಬನೂ ಭಿಕ್ಷೆ ಬೇಡುವುದಿಲ್ಲ, ಈ ಗಲಿಲಾಯದವರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಾರೆ, ನಮ್ಮವರು ಮಾತ್ರ ಸುಮ್ಮನಿದ್ದಾರೆ. ಗಲಿಲಾಯದವರು ಅಂದರೆ ಕ್ರೈಸ್ತರು.

ಮನೆ ಯಾರದ್ದು

ನೋವು ಶುರುವಾದದ್ದು ಇಲ್ಲಿ. 2ನೇ ಶತಮಾನದ ಹೊತ್ತಿಗೆ ಪಂಥದಲ್ಲಿ ಅನ್ಯಜನರೇ ಜಾಸ್ತಿ. 160ರ ಆಸುಪಾಸಿನಲ್ಲಿ ಜಸ್ಟಿನ್ ಅನ್ನುವ ಕ್ರೈಸ್ತ ಲೇಖಕ ಟ್ರೈಫೋ ಅನ್ನುವ ಯೆಹೂದಿಯ ಜೊತೆಗಿನ ಸಂವಾದ ಬರೆದ. ಅದರಲ್ಲಿ ನಿಜವಾದ ಇಸ್ರಾಯೇಲ್ ನಾವೇ ಅನ್ನುತ್ತಾನೆ, ಗ್ರಂಥವೂ ನಿಮ್ಮದಲ್ಲ ನಮ್ಮದು ಅನ್ನುತ್ತಾನೆ. ಯೇಸುವಿನ ಹುಟ್ಟಿನ ಭವಿಷ್ಯವಾಣಿ ಅಂತ ಕ್ರೈಸ್ತರು ಓದುವ, ಕನ್ಯೆ ಗರ್ಭಿಣಿಯಾಗುವಳು ಅನ್ನುವ ವಚನದ ಜಗಳವೂ ಇಲ್ಲಿ ಬರುತ್ತದೆ: ಯೆಶಾಯನ ಹೀಬ್ರೂ ಮಾತು 'ಅಲ್ಮಾ', ಹರೆಯದ ಹೆಂಗಸು, ಗ್ರೀಕ್ ಅನುವಾದದಲ್ಲಿ ಅದು 'ಪಾರ್ಥೆನೊಸ್', ಕನ್ಯೆ. ಅನುವಾದ ಮಾಡಿದ್ದು ಯೆಹೂದಿಗಳೇ, ಸಾ.ಶ.ಪೂ. ಕಾಲದಲ್ಲೇ. ಪರೀಕ್ಷೆಗೆ ಬರೆಯುವಾಗ ಇದನ್ನು ಬಿಡಬೇಡಿ, ಕ್ರೈಸ್ತರು ತಿದ್ದಿದರು ಅಂತ ಬರೆದರೆ ತಪ್ಪಾಗುತ್ತದೆ.

ಹಾಗಂತ ಒಂದೇ ದಿನ ಗೋಡೆ ಎದ್ದಿತು ಅಂತಲೂ ಅಲ್ಲ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್ಪರ ಸಭೆ ಪುನರುತ್ಥಾನದ ಹಬ್ಬವನ್ನು (ಈಸ್ಟರ್) ಯೆಹೂದಿಗಳ ಪಸ್ಕ ಹಬ್ಬದ ಲೆಕ್ಕ ನೋಡಿ ಆಚರಿಸಬಾರದು ಅಂದಿತು. ಅದಾಗಿ ಅರವತ್ತು ವರ್ಷದ ಮೇಲೆ, 386ರಲ್ಲಿ, ಅಂತಿಯೋಕ್ಯದ ಪಾದ್ರಿ ಜಾನ್ ಕ್ರಿಸೊಸ್ತಮ್ ತನ್ನ ಸಭೆಯವರನ್ನೇ ಬೈಯುತ್ತಿದ್ದ. ಯಾಕೆ ಅಂದರೆ ಅವರು ಯೆಹೂದಿಗಳ ಹೊಸ ವರ್ಷದ ಕೊಂಬು ಕೇಳಲು ಸಭಾಮಂದಿರಕ್ಕೆ ಹೋಗುತ್ತಿದ್ದರು. ಒಬ್ಬ ಕ್ರೈಸ್ತ ಒಬ್ಬ ಹೆಂಗಸನ್ನು ಪ್ರಮಾಣ ಮಾಡಿಸಲು ಸಭಾಮಂದಿರಕ್ಕೆ ಎಳೆದೊಯ್ಯುತ್ತಿದ್ದನಂತೆ. ಚರ್ಚಲ್ಲೇ ಮಾಡಿಸಬಹುದಿತ್ತಲ್ಲ ಅಂತ ಪಾದ್ರಿ ಕೇಳಿದರೆ, ಅಲ್ಲಿ ಮಾಡಿದ ಆಣೆಗೆ ಭಯ ಜಾಸ್ತಿ ಅಂತ ಬಹಳ ಜನ ಹೇಳಿದ್ದಾರೆ ಅಂದನಂತೆ.