ಹಿನ್ನೀರು ಇಷ್ಟಿದ್ದರೂ ಹೊಳಿ ಮೀನು ಯಾಕೆ ಕಮ್ಮಿಯಾಯ್ತು?

ಪ್ರಶ್ನೆ: ನಮ್ಮೂರು ಕೊಲ್ಹಾರದ ಹತ್ತಿರ. ಆಲಮಟ್ಟಿ ಹಿನ್ನೀರು ನಮ್ಮ ಹೊಲದ ಬದುವಿನ ತನಕ ಬರುತ್ತದೆ. ನೀರು ಜಾಸ್ತಿ ಆದ ಮೇಲೆ ಮೀನೂ ಜಾಸ್ತಿ ಆಗಬೇಕಲ್ವಾ ಸರ್? ಆದರೆ ನಮ್ಮ ಮುತ್ಯಾ ಹೇಳುತ್ತಿದ್ದ ಹೊಳಿ ಮೀನುಗಳು ಈಗ ಬಲೆಗೆ ಬೀಳುವುದೇ ಅಪರೂಪ. ಡ್ಯಾಂಗೆ ಒಂದು ಮೀನಿನ ಏಣಿ, ಅಂದರೆ ಮೀನು ಹತ್ತಿ ದಾಟುವಂಥ ಮೆಟ್ಟಿಲು ಕಾಲುವೆ, ಕಟ್ಟಿಸಿದರೆ ಸರಿಹೋಗುತ್ತಾ?

ಉತ್ತರ: ಮೊದಲು ಒಂದು ಮೀನಿನ ಹೊಟ್ಟೆಯಿಂದ ಶುರು ಮಾಡುತ್ತೇನೆ.

ಹೋದ ಆಷಾಢದಲ್ಲಿ ಬಾಗಲಕೋಟೆಯಲ್ಲಿ ಮೀನು ಕೊಳ್ಳಲು ನಿಂತಿದ್ದೆ. ಹಿನ್ನೀರಿನಿಂದ ಬೆಳಿಗ್ಗೆ ತಾನೇ ಬಂದ ಕಾಟ್ಲಾ. ಮಾರುವ ಅಕ್ಕ ಅದರ ಹೊಟ್ಟೆ ಸೀಳಿದರು. ಒಳಗಿಂದ ಅಂಗೈ ಉದ್ದದ ಎರಡು ಚೀಲ ಬಂದವು. ತೆಳು ಪೊರೆ, ಅದರ ಮೇಲೆ ಕೆಂಪು ನರ, ಒಳಗೆ ರವೆಯಂಥ ಕಾಳು. ಬೆರಳಿನಿಂದ ಒತ್ತಿದರೆ ಒಂದೊಂದೇ ಕಾಳು ಬಿಡಿಬಿಡಿಯಾಗಿ ಅಂಟಿಕೊಂಡಿತು. ಎಲ್ಲವೂ ತತ್ತಿ. ಅಕ್ಕ ಅದನ್ನು ಪಕ್ಕಕ್ಕೆ ಎತ್ತಿಟ್ಟು ಹೇಳಿದರು: "ಮಳಿ ಬಂತಂದ್ರ ಎಲ್ಲಾ ಮೀನಿನ ಹೊಟ್ಯಾಗೂ ತತ್ತಿ ಇರ್ತಾವ್ರಿ. ಆದ್ರ ಮರಿ ಮಾತ್ರ ಸರಕಾರದವ್ರ ತಂದು ಬಿಡಬೇಕು."

ನಿಮ್ಮ ಪ್ರಶ್ನೆಯ ಉತ್ತರ ಹೆಚ್ಚುಕಡಿಮೆ ಈ ಮಾತಿನಲ್ಲೇ ಇದೆ. ಹೊಟ್ಟೆಯಲ್ಲಿ ತತ್ತಿ ಇದೆ, ಹೊರಗೆ ನೀರಿದೆ, ಆದರೂ ಮರಿ ಆಗುತ್ತಿಲ್ಲ. ಯಾಕೆ? ಹೊಳೆಯ ಮೀನು ತತ್ತಿ ಇಡಲು ಬರೀ ನೀರು ಸಾಲದು. ಹರಿಯುವ ನೀರು ಬೇಕು, ಮೇಲೇರಿ ಹೋಗಲು ದಾರಿ ಬೇಕು.

ಮುತ್ಯಾನ ಕಾಲದ ಕೃಷ್ಣೆಯನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು. ಮೀನುಗಳು ಅಲ್ಲಲ್ಲಿ ಉಳಿದ ಮಡುಗಳಲ್ಲಿ ದಿನ ದೂಡುತ್ತಿದ್ದವು. ಮಿರಗ (ಮೃಗಶಿರಾ) ಮಳೆ ಹೊಡೆದು, ಘಟ್ಟದ ಕಡೆಯಿಂದ ಕೆಂಪು ಹೊಸನೀರು ಇಳಿದ ಕೂಡಲೇ ಎಲ್ಲ ಬದಲಾಗುತ್ತಿತ್ತು. ನೀರು ತಂಪಾಯಿತು, ಕದಡಿತು, ಸೆಳೆತ ಬಂತು. ಮೀನಿಗೆ ಅದೇ ಕರೆ. ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಈಜಿ, ದಡ ಮೀರಿ ಹರಡಿದ ತೆಳು ನೀರಿಗೋ ಹಳ್ಳದ ಬಾಯಿಗೋ ಹೋಗಿ ತತ್ತಿ ಇಡುತ್ತಿದ್ದವು. ಹೀಗೆ ಏರುವ ಮೀನಿಗೆ ಮಲೆನಾಡಿನಲ್ಲಿ ಹತ್ತುಮೀನು ಅನ್ನುತ್ತಾರೆ. ಮಹಶೀರ್ ಇನ್ನೂ ಸೂಕ್ಷ್ಮ. ಅದಕ್ಕೆ ಹರಿಯುವ ತಿಳಿನೀರು, ಅಡಿಯಲ್ಲಿ ಕಲ್ಲು-ಗರಸು ಬೇಕೇ ಬೇಕು.

ಕಾಟ್ಲಾ, ರೋಹು ಥರದ ಮೀನುಗಳ ತತ್ತಿ ಯಾವುದಕ್ಕೂ ಅಂಟುವುದಿಲ್ಲ. ನೀರು ಹೀರಿ ಮಣಿಯಂತೆ ಉಬ್ಬುತ್ತದೆ, ಸೆಳೆತದ ಜೊತೆ ಉರುಳುತ್ತಾ ಸಾಗುತ್ತದೆ. ಒಂದು ದಿನದೊಳಗೆ ಮರಿ ಒಡೆಯುತ್ತದೆ. ಸೆಳೆತ ಇದ್ದಷ್ಟು ಹೊತ್ತು ಅದಕ್ಕೆ ಗಾಳಿ ಸಿಗುತ್ತದೆ. ನಿಂತ ನೀರಿಗೆ ಬಂದರೆ ತಳಕ್ಕೆ ಕೂತು ರಾಡಿಯಲ್ಲಿ ಹೂತುಹೋಗುತ್ತದೆ.

ಈಗ ಡ್ಯಾಂ ಏನು ಮಾಡಿತು ನೋಡಿ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಇವತ್ತು ತುಂಬಿದ ಮಟ್ಟ 519.60 ಮೀಟರ್, ಹಿಡಿಯುವ ನೀರು ಸುಮಾರು 123 ಟಿಎಂಸಿ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದ್ದು ನಮಗೆಲ್ಲ ಗೊತ್ತು. ಅದೇ ನೀರಿನಡಿ ಮಡುಗಳು, ಗರಸಿನ ಹಾಸು, ಹಳ್ಳಗಳ ಬಾಯಿ ಎಲ್ಲವೂ ಮುಳುಗಿದವು. ಮುಳುಗಿದ ಊರಿನವರಿಗೆ ನವನಗರ ಕಟ್ಟಿಕೊಟ್ಟ ಹಾಗೆ ಅವಕ್ಕೆ ಯಾರೂ ಏನೂ ಕಟ್ಟಲಿಲ್ಲ. ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮದಲ್ಲಿ ಈಗ ನೀರು ತುಂಬಿದಾಗ ಯಾವುದು ಯಾವ ಹೊಳೆ ಅಂತ ಗುರುತೇ ಸಿಗುವುದಿಲ್ಲ.

ಡ್ಯಾಂನ ಕೆಳಗಿನ ಮೀನಿನ ಕಷ್ಟ ಬೇರೆ. ಮುಂಗಾರಿನ ಮೊದಲ ಹೊಸನೀರು ಈಗ ನೇರವಾಗಿ ಕೆಳಗೆ ಹೋಗುವುದಿಲ್ಲ. ಮೊದಲು ಡ್ಯಾಂ ತುಂಬಬೇಕು. ಗೇಟ್ ತೆರೆಯುವ ಹೊತ್ತಿಗೆ ಎಷ್ಟೋ ವಾರ ಕಳೆದಿರುತ್ತದೆ. ಹೂಳೆಲ್ಲ ಹಿನ್ನೀರಿನಲ್ಲೇ ಕೂತು, ಕೆಳಗೆ ಬರುವ ನೀರಿಗೆ ಆ ಕೆಂಪು ಬಣ್ಣವೂ ಅಷ್ಟಿರುವುದಿಲ್ಲ. ಕರೆ ತಡವಾಯಿತು, ಮಂಕೂ ಆಯಿತು. ಆಮೇಲೆ ಮೀನು ಮೇಲೇರಿ ಬಂದರೆ ಎದುರಿಗೆ ಗೋಡೆ. ಗೋಡೆಯ ಬುಡದಲ್ಲಿ ಗುಂಪು ಸೇರುತ್ತವೆ. ಆಗ ಬಲೆ ಬೀಸಿದರೆ ಭರ್ತಿ ಸಿಗುತ್ತದೆ. ಅದನ್ನು ನೋಡಿ "ಡ್ಯಾಂ ಕೆಳಗೆ ಎಷ್ಟು ಮೀನು ಆಗ್ಯಾವ" ಅಂತ ಖುಷಿಪಡುವವರಿದ್ದಾರೆ. ಅವು ಅಲ್ಲಿ ಹುಟ್ಟಿದ ಮೀನಲ್ಲ, ದಾರಿ ಸಿಗದೆ ನಿಂತ ಮೀನು. ಹೊಟ್ಟೆತುಂಬ ತತ್ತಿ ಇರುವಾಗಲೇ ಅವನ್ನು ಹಿಡಿಯುತ್ತೇವೆ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಾವುಮೀನಿಗೆ. ಅದರ ಲೆಕ್ಕ ಉಲ್ಟಾ. ಸಮುದ್ರದಲ್ಲಿ ಹುಟ್ಟಿ, ಕಡ್ಡಿಯಷ್ಟಿದ್ದಾಗ ಹೊಳೆ ಹತ್ತಿ ಬಂದು, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ತತ್ತಿ ಇಡಲು ಮತ್ತೆ ಸಮುದ್ರಕ್ಕೇ ಹೋಗಬೇಕು. ಬಂಗಾಳ ಕೊಲ್ಲಿಯಿಂದ ನಮ್ಮ ಕಡೆ ಬರುವ ದಾರಿಯಲ್ಲಿ ಎಣಿಸಿ: ವಿಜಯವಾಡದ ಪ್ರಕಾಶಂ ಬ್ಯಾರೇಜ್, ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ, ನಾರಾಯಣಪುರ, ಆಮೇಲೆ ಆಲಮಟ್ಟಿ. ದೊಡ್ಡವೇ ಏಳು.

ಗೋಕಾಕ ಫಾಲ್ಸೂ ಗೋಡೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು, 52 ಮೀಟರ್ ಎತ್ತರ, ಯಾವ ಮೀನೂ ಹತ್ತಲಾರದು. ಆದರೆ ಆ ಗೋಡೆ ಎದ್ದು ಯುಗಗಳೇ ಆದವು. ಘಟಪ್ರಭೆಯ ಮೀನುಗಳು ಅದರ ಮೇಲೆ, ಕೆಳಗೆ ತಮ್ಮ ತಮ್ಮ ಬದುಕು ಕಟ್ಟಿಕೊಂಡಿವೆ. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಡ್ಯಾಂಗಳು ಎದ್ದದ್ದು ನಮ್ಮ ಮನೆಯ ಹಿರಿಯರ ಕಣ್ಣೆದುರಿಗೆ. ಇಷ್ಟು ಕಡಿಮೆ ಸಮಯದಲ್ಲಿ ಯಾವ ಮೀನೂ ಹುಟ್ಟುಗುಣ ಬದಲಿಸಲಾರದು.

ಹಾಗಾದರೆ ಹಿನ್ನೀರಿನಲ್ಲಿ ಸಿಗುವ ಮೀನು ಎಲ್ಲಿಂದ ಬಂತು? ಕಾಟ್ಲಾ, ರೋಹು, ಮೃಗಾಲ ಬಹುಪಾಲು ಬಿತ್ತನೆ ಮಾಡಿದ ಮರಿಗಳು. ರೋಹು, ಮೃಗಾಲ ಮೂಲದಲ್ಲಿ ಗಂಗೆಯ ಕಡೆಯವು. ನಿಂತ ನೀರಿನಲ್ಲಿ ಇವು ದಪ್ಪಗೆ ಬೆಳೆಯುತ್ತವೆ, ತತ್ತಿಯೂ ಕಟ್ಟುತ್ತವೆ, ಆದರೆ ಇಡುವುದಿಲ್ಲ. ತತ್ತಿ ಮೈಯಲ್ಲೇ ಕರಗಿಹೋಗುತ್ತದೆ. ಈ ಗಂಟನ್ನು ಬಿಡಿಸಿದವರು ವಿಜ್ಞಾನಿ ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದಲ್ಲಿ, ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಹೊಳೆಯ ಸೆಳೆತವಿಲ್ಲದೆಯೇ ತತ್ತಿ ಇಡಿಸಿದರು. ಅದಕ್ಕೇ ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಇವತ್ತು ಕೆರೆಗೆ, ಡ್ಯಾಂಗೆ ಬಿಡುವ ಮರಿಗಳು ಬಹುಪಾಲು ಆ ದಾರಿಯಲ್ಲೇ ಹುಟ್ಟಿದವು. ಬಲೆ ನಂಬಿದ ಎಷ್ಟೋ ಮನೆಗಳ ಒಲೆ ಇದರಿಂದ ಉರಿಯುತ್ತಿದೆ. ಅದನ್ನು ಕಡೆಗಣಿಸಬಾರದು.

ಇನ್ನೊಂದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಹೊರದೇಶದ್ದು. ತೆಳು ನೀರಿನ ತಳದಲ್ಲಿ ಗುಂಡಿ ಮಾಡುತ್ತದೆ, ಸಾಮಾನ್ಯವಾಗಿ ತಾಯಿ ಮೀನು ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಅದಕ್ಕೆ ಸೆಳೆತವೂ ಬೇಡ, ಪ್ರಯಾಣವೂ ಬೇಡ. ಹಿನ್ನೀರು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೀನಿನ ತೂಕ ಮಾತ್ರ ನೋಡಿದರೆ ಡ್ಯಾಂನಿಂದ ಲಾಭ ಅನ್ನಿಸುತ್ತದೆ. ಯಾವ ಮೀನು ಅಂತ ನೋಡಿದರೆ ಮುತ್ಯಾ ಹೇಳಿದ್ದೇ ನಿಜ.

ಇನ್ನು ಏಣಿಯ ಮಾತು. ಮೀನಿನ ಏಣಿ ಹೆಸರು ಮಾಡಿದ್ದು ಸಾಲ್ಮನ್ ಮೀನಿನಿಂದ. ಅದು ನೆಗೆಯುವ ಮೀನು. ನಮ್ಮ ಮೀನುಗಳೆಲ್ಲ ಹಾಗೆ ನೆಗೆಯುವುದಿಲ್ಲ. ಗಂಗೆಯ ಫರಕ್ಕಾ ಬ್ಯಾರೇಜ್ 1975ರಲ್ಲಿ ಶುರುವಾಯಿತು. ಸಮುದ್ರದಿಂದ ಹೊಳೆ ಹತ್ತುವ ಹಿಲ್ಸಾ ಮೀನು ದಾಟಲಿ ಅಂತ ಅಲ್ಲಿ ಮೀನಿನ ಲಾಕ್, ಅಂದರೆ ನೀರು ಏರಿಸಿ ಮೀನನ್ನು ಮೇಲಕ್ಕೆ ದಾಟಿಸುವ ಗೇಟಿನ ಕೋಣೆ, ಕೂಡ ಇಟ್ಟರು. ಆದರೂ ಒಂದು ಕಾಲಕ್ಕೆ ಅಲಹಾಬಾದ್ ತನಕ ಹೋಗುತ್ತಿದ್ದ ಹಿಲ್ಸಾ ಮೇಲಿನ ಗಂಗೆಯಲ್ಲಿ ಬಹುತೇಕ ಇಲ್ಲವಾಯಿತು. ಬ್ರೆಜಿಲ್‌ನ ದೊಡ್ಡ ನದಿಗಳಲ್ಲಿ ಇನ್ನೊಂದು ತೊಂದರೆ ಕಂಡಿತು. ಮೀನು ಏಣಿ ಹತ್ತಿತು, ವಾಪಸು ಬರಲಿಲ್ಲ. ಮೇಲೆ ಸಿಗುವುದು ಮೈಲಿಗಟ್ಟಲೆ ನಿಂತ ನೀರು. ತೇಲಿ ಬರುವ ತತ್ತಿ, ಮರಿ ಅದನ್ನು ದಾಟಲಾರವು. ಆಲಮಟ್ಟಿಯಷ್ಟು ಎತ್ತರದ, ಇಷ್ಟು ಉದ್ದ ಹಿನ್ನೀರಿರುವ ಡ್ಯಾಂಗೆ ಏಣಿ ಕಟ್ಟಿದರೆ ದುಡ್ಡು ಹೋಗುತ್ತದೆ, ಮೀನು ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನನಗೆ ಆಸೆ ಇರುವುದು ಡ್ಯಾಂನ ಮೇಲ್ಗಡೆ, ಹಿನ್ನೀರು ಮುಗಿದು ಕೃಷ್ಣೆ ಮತ್ತೆ ಹರಿಯುವ ಜಾಗದಲ್ಲಿ. ಜಮಖಂಡಿ, ಅಥಣಿ, ರಾಯಬಾಗ ಕಡೆಯ ಹೊಳೆ ಅದು. ಹಿನ್ನೀರಿನಲ್ಲಿ ಬೆಳೆದ ಮೀನು ಮಳೆಗಾಲದಲ್ಲಿ ಅತ್ತ ಏರಬಹುದು. ಅಲ್ಲಿ ಮರಳು ಬಗೆದರೆ ತತ್ತಿಯ ಹಾಸಿಗೆ ಕಿತ್ತಂತೆ. ಕಂಬಗಳ ನಡುವೆ ಹಲಗೆ ಇಟ್ಟು ನೀರು ನಿಲ್ಲಿಸುವ ನಮ್ಮ ಭಾಗದ ಕೊಲ್ಹಾಪುರ ಮಾದರಿ ಬಾಂದಾರಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದರೆ ಹೊಳೆಗೆ ಹೊಳೆಯೇ ತೆರೆದುಕೊಳ್ಳುತ್ತದೆ. ಹಲಗೆ ತೆಗೆಯುವುದು ಹದಿನೈದು ದಿನ ತಡವಾದರೆ ಮೊದಲ ಹೊಸನೀರಿನ ಮೀನಿಗೆ ಆ ವರ್ಷದ ದಾರಿ ತಪ್ಪಿದಂತೆ.

ನಿಮ್ಮೂರಿನವರೇ ಮಾಡಬಹುದಾದದ್ದೂ ಇದೆ. ಮಿರಗ ಹಿಡಿದಾಗಿನಿಂದ ಹೊಸನೀರಿನ ಸೆಳೆತ ಮುಗಿಯುವ ತನಕ ಹಳ್ಳದ ಬಾಯಿಗೆ ಅಡ್ಡ ಬಲೆ ಕಟ್ಟುವುದು ಬೇಡ. ತತ್ತಿ ತುಂಬಿದ ಮೀನು ಒಳಗೆ ಹೋಗುವುದು ಅಲ್ಲಿಂದಲೇ. ಮುತ್ಯಾ ಇನ್ನೂ ಇದ್ದರೆ ಒಂದು ಸಂಜೆ ಅವರ ಹತ್ತಿರ ಕೂತು ಕೇಳಿ: ಯಾವ ಮೀನಿಗೆ ಏನಂತ ಕರೆಯುತ್ತಿದ್ದರು, ಯಾವ ಮಡುವಿನಲ್ಲಿ ಸಿಗುತ್ತಿತ್ತು, ಯಾವ ಮಳೆಗೆ ಏರುತ್ತಿತ್ತು. ಬರೆದುಕೊಂಡು ನನಗೂ ಕಳಿಸಿ. ಆ ಮಡುಗಳ ಹೆಸರು ಈಗ ಯಾವ ನಕ್ಷೆಯಲ್ಲೂ ಸಿಗುವುದು ಕಷ್ಟ.