ಗಿಡ್ಡ ಜೀಪಿನ ಹಿಂದೆ ಟ್ರೈಲರ್

ಟ್ರೈಲರ್ ಕಟ್ಟುವ ಮಾತು ಬಂದರೆ ಫೋರ್‌ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರು ಮೊದಲು ಎತ್ತುವುದು ಎಂಜಿನ್ನಿನ ಟಾರ್ಕಿನ, ಅಂದರೆ ತಿರುಗಿಸುವ ಬಲದ, ವಿಷಯ. ಲೋ ಗೇರಿಗೆ ಹಾಕಿದರೆ ಏನನ್ನು ಬೇಕಾದರೂ ಎಳೆಯುತ್ತದೆ ಎನ್ನುತ್ತಾರೆ. ಎಳೆಯುತ್ತದೆ, ಸುಳ್ಳಲ್ಲ. ಆದರೆ ಹೆದ್ದಾರಿಯಲ್ಲಿ ಟ್ರೈಲರ್ ಗಾಡಿಗಳು ಉರುಳುವುದು ಎಳೆಯಲು ಬಲ ಸಾಲದೆ ಅಲ್ಲ. ಹಿಂದೆ ಬರಬೇಕಾದ ಟ್ರೈಲರ್ ಮುಂದಿನ ಗಾಡಿಯ ದಿಕ್ಕನ್ನು ತಾನೇ ನಿರ್ಧರಿಸಹೊರಟಾಗ ಉರುಳುತ್ತವೆ.

ಜೀಪ್ ರಾಂಗ್ಲರ್ ನೋಡಿ. ಎರಡು ಬಾಗಿಲಿನ ಈಗಿನ ಮಾದರಿಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ, ಸುಮಾರು 2,460 ಮಿಲಿಮೀಟರ್. ನಾಲ್ಕು ಬಾಗಿಲಿನದ್ದು ಸುಮಾರು 3,008. ಅಮೆರಿಕದಲ್ಲಿ ಮೊದಲನೆಯದಕ್ಕೆ ಕಂಪನಿ ಕೊಟ್ಟಿರುವ ಎಳೆಯುವ ಮಿತಿ 2,000 ಪೌಂಡ್, ಅಂದರೆ 907 ಕಿಲೋ. ಎರಡನೆಯದರ ಹೆಚ್ಚಿನ ಮಾದರಿಗಳಿಗೆ 3,500 ಪೌಂಡ್, 1,588 ಕಿಲೋ. ಉದ್ದದ ಗಾಡಿ ಸ್ವಲ್ಪ ಭಾರವೂ ಹೌದು, ಆದರೆ ಮಿತಿಯಲ್ಲಿರುವ ಇಷ್ಟು ದೊಡ್ಡ ಅಂತರವನ್ನು ಎಂಜಿನ್ ತೋರಿಸಿ ವಿವರಿಸಲಾಗದು. ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ: ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್ 90. ವೀಲ್‌ಬೇಸ್ ಕೇವಲ 2,360 ಮಿಲಿಮೀಟರ್, ಆದರೂ ಬ್ರೇಕ್ ಇರುವ 3,500 ಕಿಲೋ ಟ್ರೈಲರ್ ಎಳೆಯಲು ಅನುಮತಿ. ಕಾಗದದ ಮೇಲಿನ ಅನುಮತಿ ಬೇರೆ, ಅಡ್ಡಗಾಳಿಯಲ್ಲಿ ಆ ಭಾರ ಹಿಂದಿಟ್ಟುಕೊಂಡು ಓಡಿಸುವ ನೆಮ್ಮದಿ ಬೇರೆ ಎಂದೇ ನನ್ನ ಎಣಿಕೆ.

ಇಲ್ಲಿ ಕೆಲಸ ಮಾಡುವುದು ಸನ್ನೆಯ ಲೆಕ್ಕ. ಟೋ ಬಾಲ್, ಅಂದರೆ ಟ್ರೈಲರ್ ಸಿಕ್ಕಿಸುವ ಗುಂಡು, ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಈ ಚಾಚು 90 ಸೆಂಟಿಮೀಟರ್, ವೀಲ್‌ಬೇಸ್ 2.25 ಮೀಟರ್ ಎಂದುಕೊಳ್ಳೋಣ. ಬಾಲ್ ಮೇಲೆ 100 ಕಿಲೋ ಭಾರ ಕೂತರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಅಲ್ಲ, 140 ಕಿಲೋ. ಹೆಚ್ಚುವರಿ 40 ಕಿಲೋ ಮುಂದಿನ ಗಾಲಿಗಳಿಂದ ಎದ್ದು ಬಂದದ್ದು. ವೀಲ್‌ಬೇಸ್ 3 ಮೀಟರ್ ಇದ್ದಿದ್ದರೆ ಮುಂದೆ ಕಳೆದುಹೋಗುತ್ತಿದ್ದದ್ದು 30 ಮಾತ್ರ. ಸ್ಟಿಯರಿಂಗ್ ತಿರುಗಿಸುವ, ಬ್ರೇಕಿನ ದೊಡ್ಡ ಪಾಲು ಹೊರುವ ಗಾಲಿಗಳೇ ಹಗುರಾಗುತ್ತವೆ.

ಅಡ್ಡಕ್ಕೆ ಬೀಳುವ ಬಲಕ್ಕೂ ಇದೇ ಲೆಕ್ಕ. ಟ್ರೈಲರ್ ಬಾಲನ್ನು ಎಡಕ್ಕೆ ನೂಕಿದರೆ ಹಿಂದಿನ ಟೈರುಗಳು ಅದರ 1.4 ಪಟ್ಟು ಬಲದಿಂದ ತಡೆಯಬೇಕು, ಗಾಡಿಯ ಮೂತಿ ಬಲಕ್ಕೆ ಹೊರಳದಂತೆ ಮುಂದಿನ ಟೈರುಗಳು ಹಿಡಿಯಬೇಕು. ಗಿಡ್ಡ ಗಾಡಿ ಇಕ್ಕಟ್ಟಿನ ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆಂದು ನಾವು ಮೆಚ್ಚುವ ಗುಣವೇ ಇಲ್ಲಿ ತಿರುಗಿ ಬೀಳುತ್ತದೆ. ಚಾಲಕನ ಕೈಗೆ ಬೇಗ ಬಗ್ಗುವ ಗಾಡಿ ಟ್ರೈಲರ್‌ನ ನೂಕಿಗೂ ಬೇಗ ಬಗ್ಗುತ್ತದೆ.

ಗಮನಿಸಿ, ಎಣಿಕೆಗೆ ಬರುವುದು ವೀಲ್‌ಬೇಸ್ ಒಂದೇ ಅಲ್ಲ, ಚಾಚಿಗೂ ಅದಕ್ಕೂ ಇರುವ ಅನುಪಾತ. ಸುಜುಕಿ ಜಿಮ್ನಿಯ ಮೂರು ಬಾಗಿಲಿನ ಮಾದರಿಯ ವೀಲ್‌ಬೇಸ್ 2,250 ಮಿಲಿಮೀಟರ್ ಇದ್ದರೂ ಹಿಂಭಾಗ ಮೊಟಕಾಗಿರುವುದರಿಂದ ಬಾಲ್ ಆಕ್ಸಲ್‌ಗೆ ಹತ್ತಿರವೇ ಇರುತ್ತದೆ. ಬಾಗಿಲಿಗೆ ನೇತುಹಾಕಿದ ಸ್ಟೆಪ್ನಿಗೆ ತಾಗಬಾರದೆಂದು ಉದ್ದದ ಬಾರ್ ಹಾಕಿಸಿ ಬಾಲನ್ನು ಇನ್ನೊಂದು ಗೇಣು ಹಿಂದಕ್ಕೆ ಸರಿಸುವವರು ಈ ಅನುಕೂಲವನ್ನು ತಾವೇ ಕೈಯಾರೆ ಬಿಟ್ಟುಕೊಡುತ್ತಾರೆ.

ಇನ್ನು ಓಲಾಟ. ಗಾಳಿಯೋ, ಪಕ್ಕದಲ್ಲಿ ಹಾದುಹೋದ ಲಾರಿಯೋ ಟ್ರೈಲರ್‌ನ ಹಿಂತುದಿಯನ್ನು ಒಂದು ಬದಿಗೆ ನೂಕಿತು ಎನ್ನಿ. ಅದನ್ನು ಮತ್ತೆ ಸಾಲಿಗೆ ತಂದು ಅಲ್ಲಿಯೇ ನಿಲ್ಲಿಸಬೇಕಾದದ್ದು ಟೈರುಗಳು. ಟೈರಿನ ಅಡ್ಡಹಿಡಿತ ಹುಟ್ಟುವುದು, ಅದು ಮುಖ ಮಾಡಿರುವ ದಿಕ್ಕಿಗೂ ನಿಜಕ್ಕೂ ಸಾಗುತ್ತಿರುವ ದಿಕ್ಕಿಗೂ ನಡುವಿನ ಸಣ್ಣ ಕೋನದಿಂದ. ಹಿಂತುದಿ ಅಡ್ಡಕ್ಕೆ ಸರಿಯುವ ವೇಗ ಅಷ್ಟೇ ಇದ್ದು ಗಾಡಿಯ ವೇಗ ಎರಡರಷ್ಟಾದರೆ, ಆ ಸರಿತದಿಂದ ಹುಟ್ಟುವ ಕೋನ ಅರ್ಧಕ್ಕೆ ಇಳಿಯುತ್ತದೆ. ಓಲಾಟವನ್ನು ತಣಿಸುವ ಬಲವೂ ಅರ್ಧ. ಹೀಗೆ ಕುಗ್ಗುತ್ತಾ ಹೋಗಿ ಒಂದು ನಿರ್ದಿಷ್ಟ ವೇಗದಲ್ಲಿ ತಣಿಸುವಿಕೆ ಸೊನ್ನೆಯಾಗುತ್ತದೆ. ಅದರಾಚೆಗೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದು. ಇದೇ ಸಂಧಿವೇಗ. 75ರಲ್ಲಿ ಗಾಡಿ ನೆಟ್ಟಗೆ ಓಡುತ್ತಿದ್ದದ್ದು 85ರಲ್ಲಿ ಹಾವಿನಂತಾಗಲು ಬೇರೆ ಕಾರಣ ಹುಡುಕಬೇಕಿಲ್ಲ.

ಆಗ ಚಾಲಕ ಮಾಡುವ ಸಹಜ ಕೆಲಸ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವುದು. ಆದರೆ ಒಂದು ಪೂರ್ತಿ ಓಲಾಟಕ್ಕೆ ಹಿಡಿಯುವ ಹೊತ್ತು ಒಂದೆರಡು ಸೆಕೆಂಡ್. ನಾವು ನೋಡಿ, ತಿಳಿದು, ಕೈ ಆಡಿಸುವಷ್ಟರಲ್ಲಿ ಅದರ ದೊಡ್ಡ ಪಾಲು ಮುಗಿದಿರುತ್ತದೆ. ತಡವಾಗಿ ಬಂದ ತಿದ್ದುಪಡಿ ಉಯ್ಯಾಲೆಗೆ ಸರಿಯಾದ ಹೊತ್ತಿನಲ್ಲಿ ಕೊಟ್ಟ ನೂಕಿನಂತಾಗುತ್ತದೆ. ಆದ್ದರಿಂದ ಸ್ಟಿಯರಿಂಗನ್ನು ನೇರಕ್ಕೆ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ವೇಗ ಹೆಚ್ಚಿಸಿ ಟ್ರೈಲರನ್ನು ‘ಎಳೆದು ನೇರಮಾಡುವ’ ಸಲಹೆಯನ್ನು ಕೆಲವರು ಈಗಲೂ ಕೊಡುತ್ತಾರೆ. ತಣಿಸುವ ಬಲ ಇನ್ನೂ ಕಡಿಮೆ ಇರುವ ಕಡೆಗೇ ಅದು ಕರೆದೊಯ್ಯುತ್ತದೆ. ಗಾಡಿಯ ಬ್ರೇಕನ್ನು ಜೋರಾಗಿ ಒತ್ತುವುದೂ ಬೇಡ, ಮುಂದಿನದು ನಿಧಾನವಾಗಿ ಹಿಂದಿನದು ನೂಕತೊಡಗಿದರೆ ಎರಡೂ ಮಡಚಿಕೊಳ್ಳುತ್ತವೆ. ಟ್ರೈಲರ್‌ಗೆ ವಿದ್ಯುತ್ ಬ್ರೇಕ್ ಇದ್ದರೆ ಅದೊಂದನ್ನೇ ಕೈಯಿಂದ ಹಾಕುವುದು ಒಳ್ಳೆಯದು.

ಓಲಾಟಕ್ಕೆ ಎಲ್ಲರೂ ಹೇಳುವ ಮದ್ದು, ಸಾಮಾನನ್ನು ಟ್ರೈಲರ್‌ನಲ್ಲಿ ಮುಂದಕ್ಕೆ ಜರುಗಿಸಿ ಬಾಲ್ ಮೇಲಿನ ಭಾರ ಹೆಚ್ಚಿಸುವುದು. ಅಮೆರಿಕದ ರೂಢಿಯಲ್ಲಿ ಈ ಭಾರ ಟ್ರೈಲರ್ ತೂಕದ ಶೇ. 10ರಿಂದ 15, ಯುರೋಪಿನಲ್ಲಿ ಶೇ. 5ರಿಂದ 7. ಉದ್ದದ ಪಿಕಪ್‌ಗೆ ಇದು ಅಗ್ಗದ ಮದ್ದು. ಗಿಡ್ಡ ಗಾಡಿಗೆ ದುಬಾರಿ, ಏಕೆಂದರೆ ಹಾಕಿದ ಪ್ರತಿ ಕಿಲೋಗೂ ಮುಂದಿನ ಗಾಲಿಗಳು ಹೆಚ್ಚು ತೆರುತ್ತವೆ, ಹಿಂದಿನ ಮೆತ್ತನೆಯ ಸ್ಪ್ರಿಂಗು ಕುಸಿಯುತ್ತದೆ. ಹಾಗಾಗಿ ಬಾಲ್ ಭಾರ ತಯಾರಕರು ಹೇಳಿದ ಮಿತಿಯೊಳಗೇ ಇರಬೇಕು, ಉಳಿದ ಪರಿಹಾರವನ್ನು ಬೇರೆಡೆ ಹುಡುಕಬೇಕು.

ಹೆಚ್ಚು ಜನ ಕಡೆಗಣಿಸುವ ಪರಿಹಾರವೊಂದಿದೆ: ಭಾರವನ್ನು ಎರಡು ತುದಿಗಳಲ್ಲಿ ಇಡದೆ ಆಕ್ಸಲ್ ಸುತ್ತಲೇ ಇಡುವುದು. ಮುಂದೊಂದು, ಹಿಂದೊಂದು ಭಾರದ ಪೆಟ್ಟಿಗೆ ಇಟ್ಟರೂ, ಎರಡನ್ನೂ ನಡುವೆ ಇಟ್ಟರೂ ಬಾಲ್ ಮೇಲಿನ ತೂಕ ಒಂದೇ ಬರಬಹುದು. ತೂಕದ ಯಂತ್ರಕ್ಕೆ ವ್ಯತ್ಯಾಸ ಕಾಣದು, ರಸ್ತೆಗೆ ಕಾಣುತ್ತದೆ. ತಿರುಗುವ ಜಡತ್ವ ದೂರದ ವರ್ಗಕ್ಕೆ ಅನುಗುಣ. ಅರ್ಧ ಮೀಟರ್ ದೂರದಲ್ಲಿದ್ದ 50 ಕಿಲೋ ಪೆಟ್ಟಿಗೆಯನ್ನು 2 ಮೀಟರ್ ದೂರಕ್ಕೆ ಒಯ್ದರೆ ಅದರ ಪಾಲಿನ ಜಡತ್ವ 16 ಪಟ್ಟು. ಓಲಾಡತೊಡಗಿದ ಅಂಥ ಟ್ರೈಲರ್ ಅಷ್ಟು ಸುಲಭಕ್ಕೆ ನಿಲ್ಲದು. ಉದ್ದದ ಮೂಕಿಯ ಟ್ರೈಲರ್ ಆರಿಸಿಕೊಳ್ಳುವುದೂ, ಟೈರಿನ ಗಾಳಿ ಹೆದ್ದಾರಿಗೆ ತಕ್ಕಷ್ಟು ತುಂಬುವುದೂ ಉಪಯುಕ್ತ. ಮಣ್ಣಿನ ಹಾದಿಗೆಂದು ಗಾಳಿ ಇಳಿಸಿದ ಎತ್ತರದ ಮಡ್ ಟೈರ್ ಪಕ್ಕಕ್ಕೆ ಬಳುಕುತ್ತದೆ.

ರಸ್ತೆ ಬಿಟ್ಟಿಳಿದರೆ ಲೆಕ್ಕ ಬದಲಾಗುತ್ತದೆ, ಅಲ್ಲಿ ವೇಗವಿಲ್ಲ. ಎರಡನೇ ಮಹಾಯುದ್ಧದ ಜೀಪಿನ ವೀಲ್‌ಬೇಸ್ 80 ಇಂಚು, ಅಂದರೆ 2,032 ಮಿಲಿಮೀಟರ್. ಅದಕ್ಕೆಂದೇ ಕಾಲು ಟನ್ನಿನ ಟ್ರೈಲರ್ ಮಾಡಿದರು. ಗಾಲಿ, ಟೈರು ಜೀಪಿನವೇ. ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ಬಾಲ್ ಬದಲು ಕೊಕ್ಕೆ ಮತ್ತು ಬಳೆ, ಹಾದಿ ಎಷ್ಟು ಸೊಟ್ಟಗಿದ್ದರೂ ಒಂದು ಇನ್ನೊಂದನ್ನು ತಿರುಚದಂತೆ. ಗಿಡ್ಡ ಗಾಡಿಗೆ ಎಂಥ ಟ್ರೈಲರ್ ಬೇಕು ಎಂದು ಕೇಳಿದರೆ ಈಗಲೂ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ತೋಚುವುದಿಲ್ಲ.

ಜಾರುವ ಇಳಿಜಾರಿನಲ್ಲಿ ಲೋ ಗೇರಿನ ಎಂಜಿನ್ ಬ್ರೇಕಿಂಗ್ ನಾಲ್ಕೂ ಗಾಲಿಗಳಿಗೆ ಹಂಚಿಹೋಗುವುದು ದೊಡ್ಡ ಅನುಕೂಲ. ಹಿಂದಿನ ಎರಡೇ ಗಾಲಿಗಳು ತಡೆಯುತ್ತಿದ್ದರೆ ಅವು ಜಾರಿ, ಟ್ರೈಲರ್ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಆದರೆ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ ಗಾಡಿಯಲ್ಲಿ ಒಣ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಬೇಡಿ. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಉರುಳಬೇಕು. ಆಸ್ಪದವಿಲ್ಲದೆ ಡ್ರೈವ್ ಶಾಫ್ಟುಗಳು ಬಿಗಿದುಕೊಳ್ಳುತ್ತವೆ.

ಈಚಿನ ಗಾಡಿಗಳಲ್ಲಿ ಓಲಾಟ ಗುರುತಿಸಿ ಒಂದೊಂದೇ ಗಾಲಿಗೆ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಟೈರಿಗೆ ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಮಿನುಗಿದರೆ ವೇಗ ಐದು ಕಿಲೋಮೀಟರ್ ಇಳಿಸಿ ಹಾಗೇ ಮುಂದುವರಿಯಬೇಡಿ. ಸಂಧಿವೇಗಕ್ಕೆ ಸ್ವಲ್ಪವೇ ಕೆಳಗೆ ತಣಿಸುವ ಬಲ ಹೆಚ್ಚುಕಡಿಮೆ ಇಲ್ಲದಂತೆಯೇ. ನಿಲ್ಲಿಸಲು ಜಾಗ ಸಿಕ್ಕೊಡನೆ ನಿಲ್ಲಿಸಿ, ಹಿಂಬದಿಯ ಸಾಮಾನನ್ನು ಆಕ್ಸಲ್ ಹತ್ತಿರಕ್ಕೆ ತಂದು, ಬಾಲ್ ಭಾರ ಮತ್ತು ಟೈರಿನ ಗಾಳಿ ನೋಡಿಕೊಂಡೇ ಹೊರಡಿ.